ಬೇಳೆ ಬೇಯದ ಊರು

ಕನ್ನಡಿ ಹಿಡಿದುಕೊಂಡು, ತನಗೇಕೆ ಇನ್ನೂ ಹೆಣ್ಣು ಸಿಕ್ಕಿಲ್ಲ ಎಂದು ಚಿಂತಿಸುವ ಗಂಡಸರಿಗೆ ನಾನೊಂದು ಸಮಾಧಾನದ ಮಾತು ಹೇಳಬಲ್ಲೆ. ತಪ್ಪು ಮುಖದ್ದೇ ಆಗಿರಬೇಕೆಂದಿಲ್ಲ; ಬಾವಿಯದೂ ಆಗಿರಬಹುದು. ನನ್ನ ಮಟ್ಟಿಗಂತೂ ಬಾವಿಯದೇ. ಮುಖದ ಪಾಲೂ ಸ್ವಲ್ಪ ಇತ್ತೆಂದು ನಮ್ಮ ನೆರೆಮನೆಯ ಮಲ್ಲಪ್ಪ ಕಾಕಾ ಹೇಳುತ್ತಿದ್ದರು. ನೆರೆಮನೆಯವರು ಹೇಳಿದ್ದನ್ನೆಲ್ಲ ನಂಬಿದರೆ ಸಂಸಾರ ಮಾಡುವುದು ಹೇಗೆ?

ಆಳಂದ ತಾಲ್ಲೂಕಿನ ಮಟಕಿಯನ್ನು ದಾಟಿ, ಎತ್ತುಗಳು ನಿಂತು ನಮ್ಮನ್ನೇ ತಿರುಗಿ ನೋಡುವಂಥ ಏರು ಹತ್ತಿದರೆ ಮಡ್ಡಿಯ ನೆತ್ತಿಯ ಮೇಲೆ ನಮ್ಮೂರು. ಮಡ್ಡಿ ಎಂದರೆ ಕಲ್ಲುನೆಲದ ದಿಬ್ಬ. ಅಲ್ಲಿ ಗಾಳಿಗೆ ಬರವಿಲ್ಲ, ಬಿಸಿಲಿಗೆ ಬರವಿಲ್ಲ, ಮಾತಿಗಂತೂ ಇಲ್ಲವೇ ಇಲ್ಲ. ನಿಜಾಮ ಸರ್ಕಾರದ ಹುಕುಂ ನಮ್ಮೂರು ತಲುಪುವಷ್ಟರಲ್ಲಿ ಅದನ್ನು ರದ್ದು ಮಾಡಿದ ಹುಕುಂ ಹೈದರಾಬಾದಿನಿಂದ ಹೊರಟಿರುತ್ತಿತ್ತು. ಸಂಜೆ ಮನೆಮನೆಯಲ್ಲೂ ಜೋಳದ ರೊಟ್ಟಿ ಬಡಿಯುವ ಸಪ್ಪಳ ಎದ್ದರೆ ದೂರದಿಂದ ಬರುವವರಿಗೆ ಊರೇ ಚಪ್ಪಾಳೆ ತಟ್ಟಿ ಕರೆದಂತೆ ಕೇಳುತ್ತಿತ್ತು. ಆ ಸಪ್ಪಳ ನೆನೆದರೆ ಈಗಲೂ ನನಗೆ ಹಸಿವಾಗುತ್ತದೆ, ಊಟವಾದ ಮೇಲೆಯೂ.

ಇಂಥ ಊರಿಗೆ ಇದ್ದ ಕೊರತೆ ಒಂದೇ. ಬಾವಿಯ ನೀರು ಸವಳು. ಸಾಬೂನು ತಿಕ್ಕಿದರೆ ಸಾಬೂನು ಸವೆಯುತ್ತಿತ್ತೇ ಹೊರತು ನೊರೆ ಏಳುತ್ತಿರಲಿಲ್ಲ. ಬೆಳಿಗ್ಗೆ ಒಲೆಯೇರಿದ ತೊಗರಿಬೇಳೆ ಮಧ್ಯಾಹ್ನವೂ ಬೆಳಗಿನ ಹುರುಪಿನಲ್ಲೇ ಕುಣಿಯುತ್ತಿತ್ತು. ‘ನಿನ್ನ ಬೇಳೆ ಬೇಯುವುದಿಲ್ಲ’ ಎಂದರೆ ಬೇರೆ ಕಡೆ ಜಗಳಕ್ಕೆ ಬರುತ್ತಾರೆ. ನಮ್ಮೂರಲ್ಲಿ ‘ಹೌದ್ರಿ, ಏನ್ ಮಾಡೋದು’ ಎನ್ನುತ್ತಿದ್ದರು. ಸಿಹಿನೀರು ಬೇಕೆಂದರೆ ಮಡ್ಡಿ ಇಳಿದು, ಹಳ್ಳದ ಮರಳಿನಲ್ಲಿ ಗುಂಡಿ ತೋಡಿ, ಒಸರಿದ ನೀರನ್ನು ತಂಬಿಗೆಯಿಂದ ಕೊಡಕ್ಕೆ ತುಂಬಿಕೊಂಡು ಮತ್ತೆ ಏರು ಹತ್ತಬೇಕು. ಹಬ್ಬದ ಹೋಳಿಗೆಗೆ ಬೇಳೆ ಬೇಯಿಸಲೆಂದು ಹೆಂಗಸರು ಹಾಗೆ ತರುತ್ತಿದ್ದರು. ಗಂಡಸರು ಕಟ್ಟೆಯ ಮೇಲೆ ಕೂತು ‘ಪಾಪ’ ಎನ್ನುತ್ತಿದ್ದರು. ಕೊಡ ಹೊರುವುದು ಗಂಡಸಿನ ಇಜ್ಜತ್ತಿಗೆ ಕಡಿಮೆ.

ಹೀಗಾಗಿ ನನ್ನನ್ನು ನೋಡಲು ಬಂದ ಹೆಣ್ಣಿನ ಕಡೆಯವರು ನಮ್ಮ ನೀರು ಕುಡಿದು, ಒಬ್ಬರ ಮುಖ ಒಬ್ಬರು ನೋಡಿ, ‘ಮನಿಗೆ ಹೋಗಿ ಹೇಳ್ತೇವ್ರಿ’ ಎಂದು ಹೋದವರು ಅಲ್ಲಿಂದ ಏನೂ ಹೇಳುತ್ತಿರಲಿಲ್ಲ. ಕೊನೆಗೆ ಭೀಮೆಯ ದಂಡೆಯ ಸೊನ್ನದಿಂದ ಒಂದು ಸಂಬಂಧ ಬಂತು. ಜಾತ್ರೆಯೊಂದರಲ್ಲಿ ಆ ಹುಡುಗಿ ಶರಣವ್ವನನ್ನು ನಾನು ದೂರದಿಂದ ನೋಡಿದ್ದೆ. ಅವಳು ನನ್ನನ್ನು ನೋಡಿ ನಕ್ಕಿದ್ದಳು. ನಾನು ಆಗಷ್ಟೇ ಕೆಸರಲ್ಲಿ ಜಾರಿ ಬಿದ್ದಿದ್ದೆ ಎನ್ನುವುದು ಬೇರೆ ಮಾತು. ಅಂದಿನಿಂದ ನನಗೆ ಬೇರೆ ಹುಡುಗಿ ಬೇಡವಾಗಿತ್ತು. ಮನೆ ನೋಡಲು ಬರುವವರು ಅವಳ ತಂದೆ ಮತ್ತು ಸೋದರತ್ತೆ ಭೀಮಾಬಾಯಿ. ತಂದೆ ತಲೆಯಾಡಿಸುವವರು, ಅತ್ತೆ ತೀರ್ಮಾನಿಸುವವರು ಎಂಬ ಸುದ್ದಿ ಮುಂಚೆಯೇ ಬಂದಿತ್ತು.

‘ಹೊಳಿ ನೀರು ಕುಡಿದ ಮಂದಿ ಲೇ’ ಎಂದರು ಮಲ್ಲಪ್ಪ ಕಾಕಾ. ‘ನಮ್ಮ ಬಾವಿ ನೀರು ಕುಡಿಸಿದಿ ಅಂದ್ರ ಬಂಡಿ ಬಿಚ್ಚೂದೇ ಇಲ್ಲ, ಹಂಗೇ ತಿರುಗಸ್ತಾರ.’

ಅವ್ವ ಅಡುಗೆಯಲ್ಲಿ ಮುಳುಗಿದ್ದಳು. ನಾನು ಕಳ್ಳನ ಹಾಗೆ ಹಿತ್ತಲಿನಿಂದ ದೊಡ್ಡ ತಾಮ್ರದ ಕೊಡ ಎತ್ತಿಕೊಂಡು ಹಳ್ಳಕ್ಕೆ ಇಳಿದೆ. ಇಳಿಯುವುದು ಸುಲಭವಿತ್ತು. ಹತ್ತುವಾಗ ಕೊಡ ನನ್ನನ್ನು ಹೊತ್ತಿತೋ ನಾನು ಕೊಡವನ್ನು ಹೊತ್ತೆನೋ ಈಗಲೂ ತಿಳಿಯದು. ಅರ್ಧ ನೀರು ಕೊಡದಲ್ಲಿ ಉಳಿಯಿತು, ಅರ್ಧ ನನ್ನ ಅಂಗಿಯಲ್ಲಿ. ಸವಳು ನೀರಿನ ಕೊಡದ ಜೊತೆ ಅದಲುಬದಲು ಆಗಬಾರದೆಂದು ಸಿಹಿನೀರಿನ ಕೊಡಕ್ಕೆ ಮೂರು ಬೆರಳಿನ ವಿಭೂತಿ ಬಳಿದೆ. ‘ಕಾಲಿಗೆ ಬರೇ ಕೊಡ, ಕುಡ್ಯಾಕ ಇಬತ್ತಿ ಕೊಡ’ ಎಂದು ಕಾಕಾಗೆ ಹೇಳಿ, ನನ್ನ ಬುದ್ಧಿಗೆ ನಾನೇ ಬೆರಗಾಗುತ್ತ ಬಟ್ಟೆ ಬದಲಿಸಲು ಒಳಗೆ ಹೋದೆ. ಅಷ್ಟರಲ್ಲಿ ಬಂಡಿಯ ಗೆಜ್ಜೆ ಕೇಳಿಸಿತು. ಒದ್ದೆ ಅಂಗಿಯ ಮೇಲೆಯೇ ಅಪ್ಪನ ಕರಿ ಕೋಟು ಏರಿಸಿದೆ.

ಅಂದು ಸೋಮವಾರವೆಂಬುದನ್ನು ಮಾತ್ರ ನನ್ನ ಬುದ್ಧಿ ಲೆಕ್ಕಕ್ಕೆ ಹಿಡಿದಿರಲಿಲ್ಲ. ಪೂಜೆ ಮುಗಿಸಿದ ಅವ್ವ, ಒಂದು ಕೊಡಕ್ಕೆ ವಿಭೂತಿ ಇದೆ, ಇನ್ನೊಂದು ಬೋಳಾಗಿ ನಿಂತಿದೆ ಎಂದು ಮರುಗಿ ಅದಕ್ಕೂ ಬಳಿದಿದ್ದಳು. ಬೀಸುಕಲ್ಲಿಗೂ ಬಳಿದಿದ್ದಳು. ಕಾಕಾ ಬಂದು ನೋಡಿದರೆ ಶರಣರಿಬ್ಬರು ನಿಂತಂತೆ ಎರಡು ಕೊಡಗಳು. ಯಾವುದು ಕೈಗೆ ಹತ್ತಿರವಿತ್ತೋ ಅದನ್ನು ಅಂಗಳಕ್ಕೆ ಒಯ್ದರು, ಉಳಿದದ್ದನ್ನು ಪಡಸಾಲೆಗೆ ತಂದರು.

ಭೀಮಾಬಾಯಿ ಅಂಗಳದಲ್ಲಿ ಕಾಲು ತೊಳೆದು, ಮುಖ ತೊಳೆದು, ಬಾಯಿ ಮುಕ್ಕಳಿಸಿ ಒಳಗೆ ಬಂದು ಕೂತರು. ಅವ್ವ ಬೆಲ್ಲ, ನೀರು ಇಟ್ಟಳು. ‘ಬೆಲ್ಲ ಬ್ಯಾಡವ್ವ, ಹಲ್ಲು ನೋಯ್ತಾವ’ ಎಂದು ಅವರು ಬರೀ ನೀರು ಕುಡಿದರು. ಒಂದು ಗುಟುಕು. ತಂಬಿಗೆ ನಿಧಾನವಾಗಿ ಕೆಳಗಿಳಿಯಿತು.

‘ಕಾಲಿಗೆ ಸೀ ನೀರು, ಬಾಯಿಗೆ ಸವಳ. ನಿಮ್ಮೂರಾಗ ಬೀಗರು ಕಾಲಿಲೇ ನೀರು ಕುಡೀತಾರೇನ್ರಿ?’

ಕಾಕಾ ಮಾಡಿನ ಜಂತಿ ಎಣಿಸತೊಡಗಿದರು.

‘ಸೀ ನೀರು ಎಲ್ಲೀದು?’

‘ಹಳ್ಳದ್ದು ಅದರಿ. ಆಳಮಗ ತಂದಾನ್ರಿ’ ಎಂದಳು, ನನ್ನನ್ನು ನೋಡಿ ವಿಷಯ ಊಹಿಸಿದ ಅವ್ವ. ಅವ್ವ ಸುಳ್ಳು ಹೇಳುವಾಗ ಸೆರಗು ಸರಿಪಡಿಸಿಕೊಳ್ಳುತ್ತಾಳೆ. ಅಂದು ಬಹಳ ಸರಿಪಡಿಸಿಕೊಂಡಳು.

ಭೀಮಾಬಾಯಿಯ ಕಣ್ಣು ನನ್ನ ಕೋಟಿನ ತೋಳಿನ ಮೇಲೆ ನಿಂತಿತು. ಅಲ್ಲಿಂದ ನೀರು ತೊಟ್ಟಿಕ್ಕಿ, ನಾನು ಕೂತಲ್ಲಿ ಸಣ್ಣದೊಂದು ಕೆರೆಯೇ ಆಗಿತ್ತು.

‘ತಮ್ಮಾ, ಆ ಕೋಟು ತೆಗಿ.’

‘ಥಂಡಿ ಅದರಿ’ ಎಂದೆ. ಹೊರಗೆ ಬಿಸಿಲಿಗೆ ನಾಯಿಗಳು ಬಂಡಿಯ ಕೆಳಗೆ ನುಸುಳಿದ್ದವು.

ತೆಗೆದೆ. ಅಂಗಿ ಹೆಗಲಿನಲ್ಲಿ ಹರಿದು, ಕೊಡದ ಕಂಠ ತಿಕ್ಕಿದ ಚರ್ಮ ಕೆಂಪಾಗಿತ್ತು.

‘ಆಳಮಗ ಇವನೇ ಏನ್ ಬೇ?’ ಎಂದು ಅವ್ವನನ್ನು ಕೇಳಿದರು ಭೀಮಾಬಾಯಿ. ಆಮೇಲೆ ನನ್ನ ಕಡೆ ತಿರುಗಿದರು. ‘ಈ ಏರಿನ ಮ್ಯಾಲ ನಮ್ಮ ಹುಡುಗಿ ನೀರು ಹೊರಾಂಗಿಲ್ಲ. ರೊಟ್ಟಿ ಬಡೀತಾಳ, ಹೊಲಕ್ಕ ಬರ್ತಾಳ. ನೀರು ನೀ ತರಬೇಕು. ಮಂದಿ ನಗ್ತಾರ. ನಗಲಿ. ಕಬೂಲ್ ಅದ ಏನು?’

ಪಕ್ಕದಲ್ಲಿ ಕೂತಿದ್ದ ನನ್ನಪ್ಪ ಬಾಯಿ ತೆರೆಯುವ ಮೊದಲೇ ನಾನು ಹೂಂ ಎಂದಿದ್ದೆ. ಹುಡುಗಿಯ ತಂದೆ ತಲೆಯಾಡಿಸಿದರು.

ಮಂದಿ ನಕ್ಕದ್ದು ನಿಜ. ನಾನು ಕೊಡ ಹೊತ್ತು ಏರು ಹತ್ತಿದರೆ ಕಟ್ಟೆ ತುಂಬುತ್ತಿತ್ತು. ಆದರೆ ಸುದ್ದಿ ಸುತ್ತಲ ಊರಿಗೆ ಹರಡಿ, ನಮ್ಮೂರಿಗೆ ಹೆಣ್ಣು ಕೊಡಲು ಬಂದವರೆಲ್ಲ ‘ಹುಡುಗ ನೀರು ತರ್ತಾನೇನ್ರಿ?’ ಎಂದು ಕೇಳತೊಡಗಿದಾಗ ಕಟ್ಟೆ ಖಾಲಿಯಾಯಿತು. ಹಳ್ಳದ ದಾರಿಯಲ್ಲಿ ಮೀಸೆಗಳ ಸಾಲು, ಪ್ರತಿ ಮೀಸೆಯ ಪಕ್ಕಕ್ಕೊಂದು ಕೊಡ. ಅವರೆಲ್ಲರೂ ನನ್ನನ್ನು ಬೈದ ಬೈಗುಳಗಳಲ್ಲಿ ಇಲ್ಲಿ ಬರೆಯುವಂಥದ್ದು ಒಂದೂ ಇಲ್ಲ.

ಈಗ ನಾನು ಸೊಲ್ಲಾಪುರದ ಬಟ್ಟೆ ಗಿರಣಿಯಲ್ಲಿ ಕೆಲಸಕ್ಕಿದ್ದೇನೆ. ನಾವಿರುವ ಸಾಲುಮನೆಗಳ ಚಾಳಿನ ಅಂಗಳದಲ್ಲೇ ನಳವಿದೆ. ಬೇಳೆ ಇಟ್ಟ ಕೂಡಲೇ ಬೆಂದು ಕರಗಿ, ಬೇಳೆಯೋ ನೀರೋ ತಿಳಿಯದಂತಾಗುತ್ತದೆ. ಹೊಳೆಯ ದಂಡೆಯಲ್ಲಿ ಹುಟ್ಟಿದ ಶರಣವ್ವ ಅದನ್ನು ಬಾಯಿಗಿಟ್ಟು, ‘ನಿಮ್ಮೂರಿನ ಬ್ಯಾಳಿ ಹಲ್ಲಿಗೆ ಸಿಗ್ತಿತ್ತು’ ಎನ್ನುತ್ತಾಳೆ. ಇಬ್ಬರಿಗೂ ನಮ್ಮೂರಿನ ರೊಟ್ಟಿಯ ಸಪ್ಪಳ ಕೇಳಿಸುತ್ತಿರುತ್ತದೆ.

ಇಲ್ಲಿಗೆ ಬಂದ ಹೊಸದರಲ್ಲಿ ನಾನೊಮ್ಮೆ ಅವಳಿಗೆ ಮೆಲ್ಲಗೆ ಹೇಳಿ ನೋಡಿದೆ. ‘ಏನ್ ಬೇ, ಏರು ಅಂತೂ ಇಲ್ಲ. ನಳ ಬಾಗಿಲಾಗೇ ಅದ. ಇನ್ನು ಮ್ಯಾಲ ನೀರು…’

‘ನಮ್ಮ ಸೋದರತ್ತಿ, ನೀರು ನೀ ತರಬೇಕು ಅಂದಿದ್ರು. ಹಳ್ಳದಿಂದ ಅಂತ ಅಂದಿದ್ದಿಲ್ಲ.’

ಬೇಳೆ ಚೆನ್ನಾಗಿ ಬೇಯುವ ಊರಿನಲ್ಲಿ ನನ್ನ ಬೇಳೆ ಮಾತ್ರ ಹೀಗೆ ಹಸಿಯಾಗಿಯೇ ಉಳಿದಿದೆ. ಅಗೋ, ನಳ ಬಂತೆಂದು ಚಾಳಿನ ಹೆಂಗಸರು ಸಾಲು ಹಚ್ಚುತ್ತಿದ್ದಾರೆ. ಒಳಗಿನಿಂದ ಕೊಡ ನೆಲಕ್ಕೆ ಕುಕ್ಕಿದ ಸಪ್ಪಳವೂ ಕೇಳಿಸಿತು. ಹೋಗಿ ಬರುತ್ತೇನೆ. ಕೋಟನ್ನು ಈ ಸಲ ಮೊದಲೇ ತೆಗೆದಿಟ್ಟಿದ್ದೇನೆ.