ಮನೆಗೊಂದು ಕಪ್ಪಿನಂತೆ ನಮ್ಮ ಬಸುರಿಯನ್ನು ಸತ್ಕರಿಸಿದ ಕಾಫಿಯವರಿಗೆ

ಕಾಪು, 18 ಅಕ್ಟೋಬರ್ 2004

ಮಾನ್ಯ ಕಾಫಿಯವರೇ,

ಹಲ್ಲುಜ್ಜುವ ಮೊದಲೇ ತಮ್ಮನ್ನು ನೆನೆಯುವ ಊರಿನ ಸಮಸ್ತರ ಪರವಾಗಿ, ಸಕ್ಕರೆ ಸ್ವಲ್ಪ ಕಡಿಮೆ ಹಾಕಿದ ನಮಸ್ಕಾರಗಳು. ತಾವು ಕಾಫಿ, ನಾವು ಕಾಪಿನವರು. ಹೆಸರಿನಲ್ಲೇ ನೆಂಟಸ್ತಿಕೆ ಉಂಟು ಎಂಬ ಸಲುಗೆಯಿಂದ ಬರೆಯುತ್ತಿದ್ದೇನೆ, ಆರುವ ಮೊದಲು ಓದಬೇಕು.

ವಿಷಯ ಎಂತ ಅಂದ್ರೆ, ನನ್ನ ಮೊಮ್ಮಗಳು ದೀಕ್ಷಿತಾ ಚೊಚ್ಚಲ ಹೆರಿಗೆಗೆ ಅಂತ ಏಳನೇ ತಿಂಗಳಲ್ಲಿ ನಮ್ಮ ಮನೆಗೆ ಬಂದಳು. ಮಣಿಪಾಲದ ಡಾಕ್ಟ್ರಮ್ಮ ಸ್ಕ್ಯಾನ್ ನೋಡಿ, "ಮಗು ತೂಕದಲ್ಲಿ ಹಿಂದೆ ಉಂಟಲ್ಲ, ದಿನಕ್ಕೆ ಎಷ್ಟು ಕಾಫಿ ಕುಡೀತಿಯಮ್ಮ?" ಅಂತ ಕೇಳಿದರು. ಹುಡುಗಿ ಬೆರಳು ಮಡಚುತ್ತಾ ಹೋದಳು, ಒಂದು ಕೈ ಸಾಕಾಗಲಿಲ್ಲ. ತಾಯಿ ಕುಡಿದದ್ದು ಹೊಟ್ಟೆಯ ಮಗುವಿಗೂ ಹೋಗ್ತದೆ, ಅದನ್ನು ಕರಗಿಸುವ ಶಕ್ತಿ ಅಷ್ಟು ಸಣ್ಣ ಜೀವಕ್ಕೆ ಇಲ್ಲ, ಹುಟ್ಟುವಾಗ ತೂಕ ಕಡಿಮೆ ಆಗಬಹುದು ಅಂತ ಅವರು ವಿವರಿಸಿದರು. ಅಂದ್ರೆ ಮಗು ಕೇಳದೆಯೇ ಬೈ-ಟೂ! ಇನ್ನು ದಿನಕ್ಕೆ ಒಂದೇ ಕಪ್ ಅಂತ ತೀರ್ಪಾಯಿತು. ಡಾಕ್ಟ್ರಮ್ಮ ಆ್ಯಕ್ಷನ್ ತಗೊಂಡರು. ತಾವು ಮಾತ್ರ ಡಿಕಾಕ್ಷನ್ ಬಿಡಲಿಲ್ಲ.

ಏಕೆಂದರೆ ಬಯಕೆ ಶಾಸ್ತ್ರ ಆದ ಬಸುರಿಯನ್ನು ನಮ್ಮಲ್ಲಿ ನೆಂಟರೆಲ್ಲ ಮನೆಗೆ ಕರೆಯುತ್ತಾರೆ. ದಿನಕ್ಕೆ ನಾಲ್ಕು ಮನೆ. ಹೋದಲ್ಲಿ ಲೋಟ ಬೇಡ ಅಂದರೆ ಆ ಮನೆಯ ಮರ್ಯಾದೆ ಹೋಗ್ತದೆ. ಹಾಗಂತ ಯಾರೂ ಡಾಕ್ಟ್ರ ಮಾತು ಮೀರಿದವರಲ್ಲ. ಪ್ರತಿ ಮನೆಯಲ್ಲೂ ಸರಿಯಾಗಿ ಒಂದೇ ಕಪ್ ಕೊಟ್ಟರು! ನನ್ನ ತಂಗಿ ವಾರಿಜಾ ಎರಡನೇ ಸಲ ಬಗ್ಗಿಸಲು ಎತ್ತಿದ ಪಾತ್ರೆಯನ್ನು ಕಷ್ಟಪಟ್ಟು ಕೆಳಗಿಟ್ಟು, "ಒಂದಕ್ಕಿಂತ ಹೆಚ್ಚು ಕೊಡ್ಲಿಕ್ಕೆ ನಾನೆಂತ ಮಗುವಿನ ವೈರಿಯಾ ಅಣ್ಣ?" ಅಂದಳು. ಇಷ್ಟು ಶಿಸ್ತಿನಿಂದ ಪಾಲಿಸಿದ ವೈದ್ಯಕೀಯ ಸಲಹೆಯನ್ನು ನಾನು ಬೇರೆಲ್ಲೂ ನೋಡಿಲ್ಲ.

ಹದಿನೈದು ದಿನ ಕಳೆದು ಮತ್ತೆ ಪರೀಕ್ಷೆಗೆ ಹೋದರೆ ಮಗುವಿನ ತೂಕ ಇದ್ದಲ್ಲೇ ಲಂಗರು ಹಾಕಿ ಕೂತಿತ್ತು. ಹೀಗೇ ಆದರೆ ಹುಟ್ಟಿದ ಮೇಲೆ ಗಾಜಿನ ಪೆಟ್ಟಿಗೆಯಲ್ಲಿ ಇಡಬೇಕಾದೀತು ಅಂದರು ಡಾಕ್ಟ್ರಮ್ಮ. ವಾಪಸ್ ಬರುವ ಬಸ್ಸಿನಲ್ಲಿ ದೀಕ್ಷಿತಾ ಪೇಟೆಗೆ ಹೋಗುವವರ ಚೀಲಗಳ ನಡುವೆ ಮುಖ ಮುಚ್ಚಿ ಅತ್ತಳು. ಮಾನ್ಯರೇ, ಮೂವತ್ತು ವರ್ಷ ಬೋಟು ನಡೆಸಿದ ನನಗೆ ಆವತ್ತು ಬಸ್ಸಿನಲ್ಲೇ ಕಡಲು ಎದ್ದ ಹಾಗಾಯಿತು.

ಮರುದಿನದಿಂದ ನಾನೂ ಎಲ್ಲ ಮನೆಗೂ ಅವಳ ಜೊತೆ ಹೊರಟೆ. ಅವಳು ಲೋಟವನ್ನು ತುಟಿಗೆ ಮುಟ್ಟಿಸಿ ಮನೆಯವರ ಮಾನ ಉಳಿಸುವುದು, ಅವರು ಚಕ್ಕುಲಿ ತರಲು ಒಳಗೆ ಹೋದ ಕೂಡಲೇ ನಾನು ಅದನ್ನು ಖಾಲಿ ಮಾಡುವುದು. ನನ್ನದೊಂದು, ಅವಳದೊಂದು, ನಾಲ್ಕು ಮನೆಗೆ ಎಂಟು. ಶಿರ್ವದ ಗೆಳೆಯ ರೊಸಾರಿಯೊ ಮನೆಯಲ್ಲಂತೂ "ದೀಕ್ಷಿತಾ ಎಷ್ಟು ಚಂದ ಕುಡಿದಳು ಮಾರಾಯ್ರೆ" ಅಂತ ಅವನ ಹೆಂಡತಿ ಸಂತೋಷಪಟ್ಟು ನನಗೆ ಇನ್ನೊಂದು ಕೊಟ್ಟಳು.

ಒಂದೂವರೆ ತಿಂಗಳಲ್ಲಿ ತಮ್ಮ ಕೃಪೆ ನನ್ನ ಮೇಲೆ ಪೂರ್ತಿ ಇಳಿಯಿತು. ಕೈ ನಡುಗುವುದು, ಎದೆ ಚೆಂಡೆ ಬಾರಿಸುವುದು, ನಿದ್ದೆ ಇಲ್ಲ, ಕುಡಿದ ಹಾಲು ವಾಪಸ್, ಕಾರಣ ಇಲ್ಲದೆ ಅಳು. ಹೆಂಡತಿ ಸುಂದರಿ "ಇವರನ್ನು ತೊಟ್ಟಿಲಲ್ಲಿ ಹಾಕಿ ತೂಗ್ಲಿಕ್ಕಾ?" ಅಂತ ಕೇಳಿದಳು. ಡಾಕ್ಟ್ರಮ್ಮ ನನ್ನ ನಾಡಿ ಹಿಡಿದು, "ಅಜ್ಜ, ಇದೆಲ್ಲ ತುಂಬಾ ಕಾಫಿ ಕುಡಿದ ತಾಯಿಯ ಹಸುಗೂಸು ಮಾಡುವ ಕೆಲಸ, ಎಪ್ಪತ್ತೊಂದರಲ್ಲಿ ನಿಮಗೆ ಯಾಕೆ?" ಅಂದರು. ನನ್ನನ್ನು ಹಸುಗೂಸು ಮಾಡಿದ ತಮ್ಮ ಶಕ್ತಿಗೆ ಯಾವ ಪ್ರಶಸ್ತಿ ಕೊಟ್ಟರೂ ಕಮ್ಮಿಯೇ.

ಕಳೆದ ವಾರ ಹೆರಿಗೆ ಆಯಿತು. ಹೆಣ್ಣು ಮಗು, ಎರಡು ಕಿಲೋ ಎಂಟುನೂರು ಗ್ರಾಂ. ಗಾಜಿನ ಪೆಟ್ಟಿಗೆ ಖಾಲಿಯೇ ಉಳಿಯಿತು. ತಕ್ಕಡಿಯ ಮುಳ್ಳು ನಿಂತಾಗ ನಾನು ಅತ್ತೆ, ಅದಕ್ಕೆ ಮಾತ್ರ ತಾವು ಕಾರಣ ಅಲ್ಲ.

ಆದರೆ ತಾವು ಎದೆಹಾಲಿನಲ್ಲೂ ಅಷ್ಟಿಷ್ಟು ನುಸುಳುತ್ತೀರಂತೆ. ಆದ್ದರಿಂದ ಘಟ್ಟ ಇಳಿದು ಬರುವಾಗ ಕಾರ್ಕಳ ಬಸ್‌ಸ್ಟ್ಯಾಂಡಿನಲ್ಲೇ ಇಳಿದು ಆರು ತಿಂಗಳು ರಜೆಯಲ್ಲಿ ಇರಬೇಕು. ಅನಿವಾರ್ಯವಾಗಿ ಈ ಕಡೆ ಬಂದರೆ ಪರಿಮಳವನ್ನು ಜೇಬಿನಲ್ಲಿ ಮಡಚಿಟ್ಟುಕೊಳ್ಳಬೇಕು. ಬಾಣಂತಿಯ ಎದುರು ಲೋಟ ಇಟ್ಟರೆ ತಾವೇ ನಾಚಿ ಬಿಸಿನೀರಾಗಬೇಕು. ಮದುವೆಗೂ ಸತ್ತವರ ಬೊಜ್ಜದೂಟಕ್ಕೂ ಕರೆಯದೆ ಹಾಜರಾಗುವ ತಮಗೆ ಇದೆಂತ ದೊಡ್ಡ ಸಂಗತಿ?

ನಡುಗುವ ಕೈಯಿಂದ ಸಹಿ ಮಾಡಿದ
ತಮ್ಮ ಹಳೇ ವಿಶ್ವಾಸಿ,
ಭೋಜ ಕುಂದರ್

ತಾ.ಕ.: ಉತ್ತರಕ್ಕೆ ಕಾಯದೆ ಸುಂದರಿ ತಮ್ಮ ಡಬ್ಬಿಯನ್ನು ಅಟ್ಟಕ್ಕೆ ಹಾಕಿ, ಮಗು ನೋಡಲು ಬಂದವರಿಗೆ ಮೂರು ದಿನದಿಂದ ಜೀರಿಗೆ ಕಷಾಯ ಕೊಡುತ್ತಿದ್ದಾಳೆ. ಮೊದಲ ದಿನ ಇಪ್ಪತ್ತೆರಡು ಜನ ಬಂದಿದ್ದರು, ನಿನ್ನೆ ಇಬ್ಬರು. ಅವರು ಇಷ್ಟು ದಿನ ನೋಡಲು ಬರುತ್ತಿದ್ದದ್ದು ಯಾರನ್ನು ಅಂತ ಗೊತ್ತಾಯಿತು, ಅಭಿನಂದನೆಗಳು. ಮಗು ಮಾತ್ರ ಚೆನ್ನಾಗಿ ನಿದ್ದೆ ಮಾಡ್ತಾ ಉಂಟು.