ವೀರಭದ್ರಾಚಾರ್ರ ಬಿಟ್ಟಿ ಪ್ಲಗಿನ್

ಶುಕ್ರವಾರ ಸಂಜೆ ಪಕ್ಕದ ಮನೆಯ ವೀರಭದ್ರಾಚಾರ್ರು ಕಾಂಪೌಂಡಿನ ಮೇಲಿಂದ ತಲೆ ಹಾಕಿ, "ಮೇಷ್ಟ್ರೇ, ಬನ್ನಿ, ಇತಿಹಾಸ ನೋಡೋರಂತೆ" ಎಂದರು. ಅವರ ಮನೆಯಲ್ಲಿ ನಾನು ಹಿಂದೆ ಎರಡು ಸಲ ಇತಿಹಾಸ ನೋಡಿದ್ದೇನೆ. ಮೊದಲನೆಯದು ಚಪಾತಿ ಮಗುಚುವ ಯಂತ್ರ. ಚಾವಣಿಗೆ ಅಂಟಿದ ಚಪಾತಿಗಳನ್ನು ಕೀಳುವಾಗ ಏಣಿ ಹಿಡಿದವನು ನಾನೇ. ಎರಡನೆಯದರ ಬಗ್ಗೆ ಹಾಸನದ ನಮ್ಮ ಬೀದಿಯಲ್ಲಿ ಈಗಲೂ ಯಾರೂ ಮಾತಾಡುವುದಿಲ್ಲ. ಆದರೂ ಹೋದೆ. ನನ್ನ ಹೆಂಡತಿ ಪ್ರಮೀಳಾ ನನಗಿಂತ ಮೊದಲೇ ಚಪ್ಪಲಿ ಮೆಟ್ಟಿದ್ದಳು.

ಆಚಾರ್ರು ಐ.ಟಿ.ಐ.ಯಲ್ಲಿ ಮೂವತ್ತು ವರ್ಷ ರೇಡಿಯೋ ರಿಪೇರಿ ಕಲಿಸಿ ನಿವೃತ್ತರಾದವರು. ನಿವೃತ್ತಿ ಕೆಲಸಕ್ಕೆ ಮಾತ್ರ, ಪಾಠಕ್ಕಲ್ಲ. ಅವರ ಹೆಂಡತಿ ಜಲಜಾಕ್ಷಮ್ಮನವರಿಗೆ ತಾಯಿಯಿಂದ ಬಂದ, ಮದುವೆಯಲ್ಲಿ ಹೇಳುವ ಒಂದು ಹಸೆ ಹಾಡು ಗೊತ್ತು. ಅದನ್ನು ಬಲ್ಲವರು ಈಗ ಅವರೊಬ್ಬರೇ. ನಮ್ಮೂರಿನ ಸಮುದಾಯ ಬಾನುಲಿಯವರು ವರ್ಷಕ್ಕೊಮ್ಮೆ ಕೇಳುಗರು ಧ್ವನಿಮುದ್ರಿಸಿದ ಹಾಡುಗಳನ್ನು ತರಿಸಿಕೊಂಡು, ಒಂದನ್ನು ಆರಿಸಿ ಬಿತ್ತರಿಸುತ್ತಾರೆ. ಎರಡು ವರ್ಷ ಜಲಜಾಕ್ಷಮ್ಮನವರ ಹಾಡು ಹೋಗಲಿಲ್ಲ. ಸ್ಟುಡಿಯೋದಲ್ಲಿ ಹಾಡಿಬರುತ್ತೇನೆ ಎಂದಾಗಲೆಲ್ಲ ಆಚಾರ್ರು, "ನಾನಿರುವಾಗ ಸ್ಟುಡಿಯೋ ಯಾಕೆ?" ಎಂದು ಅಡ್ಡ ಹಾಕಿದ್ದರು. ಈ ಸಲ ಕೊನೆಯ ಗಡುವು ಶನಿವಾರ ಸಂಜೆ ಐದು ಗಂಟೆ. ಅಂದರೆ ಮರುದಿನವೇ.

ತಡವಾದದ್ದು ಪ್ಲಗಿನ್ನುಗಳಿಂದ. ಪ್ಲಗಿನ್ ಎಂದರೆ ಕಂಪ್ಯೂಟರಿನೊಳಗೆ ಕೂತು ಹಾಡಿಗೆ ಸುಣ್ಣಬಣ್ಣ ಬಳಿಯುವ ತಂತ್ರಾಂಶ. ಒಂದು ಸದ್ದನ್ನು ಸಮ ಮಾಡುತ್ತದೆ, ಒಂದು ಮಾರ್ದನಿ ಕೊಡುತ್ತದೆ, ಇನ್ನೊಂದು ಗೌಜು ತೆಗೆಯುತ್ತದೆ. ಒಳ್ಳೆಯವು ತುಟ್ಟಿ. ಆದ್ದರಿಂದ ಆಚಾರ್ರು ಅಗ್ಗದವು, ಅರ್ಧ ಬಿಟ್ಟಿಯವು, ಹದಿನಾಲ್ಕು ದಿನ ಮಾತ್ರ ಬಿಟ್ಟಿಯವು ಎಂದು ಅರವತ್ತಮೂರನ್ನು ಪಟ್ಟಿ ಮಾಡಿ, ಸಂತೆಯಲ್ಲಿ ಬದನೆಕಾಯಿ ಆರಿಸುವವರ ಹಾಗೆ ಮೂರು ತಿಂಗಳು ಹಿಡಿಹಿಡಿದು ನೋಡಿದರು. ಯಾವುದನ್ನೂ ಆರಿಸಲಾಗದೆ, ಕೊನೆಗೆ ಆರಿಸುವ ಯಂತ್ರವನ್ನೇ ಮಾಡಿದರು.

ಅದು ಹಳೆಯ ಅಕ್ಕಿ ಡಬ್ಬ. ಸುತ್ತ ನಾಲ್ಕು ಸ್ಪೀಕರು, ಹಾಡು ಹಿಡಿದಿಡಲು ಒಂದು ಮೈಕು, ನೆತ್ತಿಯ ಮೇಲೊಂದು ಕೆಂಪು ದೀಪ.

"ಇದು ಪ್ಲಗಿನ್ನನ್ನ ಕಂಪ್ಯೂಟರಿನೊಳಗಲ್ಲ, ಗಾಳಿಯಲ್ಲೇ ಪ್ರಯೋಗ ಮಾಡುತ್ತೆ. ಯಾವುದು ಒಗ್ಗುತ್ತೋ ಅದನ್ನ ತಾನೇ ಇಟ್ಕೊಳ್ಳುತ್ತೆ. ನನ್ನ ದನಿಗೆ ಮಾತ್ರ ಬಗ್ಗೋದು, ಬೇರೆಯೋರು ಕೆಡಿಸೋ ಹಾಗಿಲ್ಲ" ಎಂದ ಆಚಾರ್ರು ಡಬ್ಬಕ್ಕೆ, "ಮೊದಲನೇದು" ಎಂದು ಆಜ್ಞೆ ಕೊಟ್ಟರು.

ಮೊದಲನೆಯದು ಮಾರ್ದನಿ. ನಾನು ಕೆಮ್ಮಿದೆ. ಆ ಕೆಮ್ಮು ನಡುಮನೆಯನ್ನು ಸುತ್ತಿ, ಅಡುಗೆಮನೆಗೆ ಹೋಗಿ, ಬಚ್ಚಲಿಗೂ ಇಳಿದು ಎರಡು ನಿಮಿಷದ ನಂತರ ವಾಪಸು ಬಂತು. ಎರಡನೆಯದು ಸದ್ದನ್ನು ಸಮ ಮಾಡುವುದು. ಅಷ್ಟರಲ್ಲಿ ಜಲಜಾಕ್ಷಮ್ಮ ಉಪ್ಪಿಟ್ಟು ತಂದಿಟ್ಟರು. ನಾನು ಪ್ರಮೀಳಾಳ ಕಿವಿಯಲ್ಲಿ, "ಉಪ್ಪು ಹಾಕೋದು ಮರೆತಿದ್ದಾರೆ" ಎಂದೆ. ಒಳಗೆ ಕುಕ್ಕರು ಇಲಿಮರಿಯಷ್ಟು ಸಣ್ಣಗೆ ಕೂಗಿತು. ನನ್ನ ಪಿಸುಮಾತು ಮಾತ್ರ ಬೀದಿಯ ತುದಿಯ ಇಸ್ತ್ರಿ ಅಂಗಡಿಯವರೆಗೂ ಕೇಳಿಸಿತಂತೆ. ಜಲಜಾಕ್ಷಮ್ಮ ಉಪ್ಪಿನ ಡಬ್ಬಿಯನ್ನು ತಂದು ನನ್ನ ಮುಂದೆ ಇಟ್ಟರು. ನನಗೆ ನಿಜವಾಗಿಯೂ ನಾಚಿಕೆಯಾಯಿತು.

"ಬಿಟ್ಟಿಯವು ಸ್ವಲ್ಪ ಒರಟು. ನಾಳೆಗೆ ಸರಿ ಮಾಡ್ತೀನಿ" ಎಂದರು ಆಚಾರ್ರು.

"ನಾಳೆ ಐದು ಗಂಟೆ ಕಣ್ರೀ. ಐದೂವರೆ ಅಲ್ಲ" ಎಂದರು ಜಲಜಾಕ್ಷಮ್ಮ.

ಶನಿವಾರ ಬೆಳಿಗ್ಗೆ ಹತ್ತಕ್ಕೆ ನಾವಿಬ್ಬರೂ ಕೇಳುಗರಾಗಿ ಹೋದೆವು. ಜಲಜಾಕ್ಷಮ್ಮ ರೇಷ್ಮೆ ಸೀರೆ ಉಟ್ಟು ಕುಳಿತಿದ್ದರು. ಡಬ್ಬ ಕೊನೆಗೂ ಒಂದು ಪ್ಲಗಿನ್ ಆರಿಸಿಕೊಂಡಿತ್ತು, ಗೌಜು ತೆಗೆಯುವುದು. ಅದರ ಬಿಟ್ಟಿ ಅವಧಿ ಅಂದೇ ಸಂಜೆಗೆ ಮುಗಿಯುವುದಿತ್ತು.

ಅದರ ಕ್ರಮ ಸರಳ. ಮೊದಲು ಹತ್ತು ಸೆಕೆಂಡು ಎಲ್ಲರೂ ಸುಮ್ಮನಿರಬೇಕು. ಆ ಮೌನದಲ್ಲಿ ಉಳಿದದ್ದು, ಫ್ಯಾನಿನ ಗುಂಯ್‌ಗುಟ್ಟುವಿಕೆಯೋ ಬೀದಿಯ ಗದ್ದಲವೋ, ಅದೇ ಗೌಜು ಎಂದು ಪ್ಲಗಿನ್ ಗುರುತಿಟ್ಟುಕೊಂಡು ಮುಂದೆ ಕೇಳಿಸಿದಲ್ಲೆಲ್ಲ ಅಳಿಸಿಹಾಕುತ್ತದೆ.

"ಈಗ" ಎಂದರು ಆಚಾರ್ರು. ಕೆಂಪು ದೀಪ ಹತ್ತಿತು. "ಈಗ ಯಾರೂ ಉಸಿರೆತ್ತಬಾರದು. ಜಲಜಾ, ಬಳೆ. ಮೇಷ್ಟ್ರೇ, ಆ ಕುರ್ಚಿ ಕಿರುಗುಟ್ಟುತ್ತೆ, ಅಲ್ಲಾಡಬೇಡಿ. ಮೌನ ಅಂದ್ರೆ ಏನು ಅಂತ ಈಗಿನೋರಿಗೆ ಗೊತ್ತೇ ಇಲ್ಲ. ನಾನು ಐ.ಟಿ.ಐ.ಯಲ್ಲಿದ್ದಾಗ ಒಂದು ಬ್ಯಾಚು..."

ದೀಪ ಆರಿತು. ಮಾತು ಅಲ್ಲಿಗೇ ನಿಂತಿತು. ತುಟಿ ನಿಂತಿರಲಿಲ್ಲ. ಆ ಬ್ಯಾಚಿನ ಕತೆ ಸಾಂಗವಾಗಿ ನಡೆಯುತ್ತಿತ್ತು, ಕೈಬೀಸುವುದೂ ಸೇರಿದಂತೆ. ಸದ್ದು ಮಾತ್ರ ಇರಲಿಲ್ಲ.

ಅಷ್ಟರಲ್ಲಿ ಜಲಜಾಕ್ಷಮ್ಮ ಕಣ್ಣು ಮುಚ್ಚಿ ಹಾಡತೊಡಗಿದ್ದರು. ಅವರ ದನಿ ಅಷ್ಟು ಚೆನ್ನಾಗಿದೆಯೆಂದು ಹದಿನೆಂಟು ವರ್ಷ ಪಕ್ಕದಲ್ಲಿದ್ದೂ ನನಗೆ ತಿಳಿದಿರಲಿಲ್ಲ. ಗೋಡೆಯಾಚೆಯಿಂದ ಅದು ಯಾವಾಗಲೂ ಆಚಾರ್ರ ವ್ಯಾಖ್ಯಾನದ ಅಡಿಯಲ್ಲೇ ಕೇಳಿಸುತ್ತಿತ್ತು.

ಹಾಡು ಮುಗಿದ ಮೇಲೆ ಆಚಾರ್ರು ಡಬ್ಬದ ಮುಂದೆ ಬಗ್ಗಿ ಬಾಯಿ ದೊಡ್ಡದು ಮಾಡಿದರು. 'ನಿಲ್ಲು' ಎನ್ನುತ್ತಿದ್ದರೆಂದು ಕಾಣುತ್ತದೆ. ಡಬ್ಬ ಅವರ ದನಿಗೆ ಮಾತ್ರ ಬಗ್ಗುವುದು, ಆ ದನಿಯೇ ಈಗ ಅದರ ಪಾಲಿಗೆ ಗೌಜು. ಅಂಗಳಕ್ಕೆ ಓಡಿದರು, ಅಲ್ಲೂ ದನಿಯಿಲ್ಲ. ಇಸ್ತ್ರಿ ಅಂಗಡಿಯವರೆಗೆ ಹೋಗಿ ಬಂದರು, ಅಲ್ಲೂ ಇಲ್ಲವಂತೆ. ಡಬ್ಬದ ಕೈ ಅಷ್ಟು ದೂರ ಚಾಚುತ್ತದೆಂದು ಅವರಿಗೇ ಗೊತ್ತಿರಲಿಲ್ಲ.

ವಾಪಸು ಬಂದವರು ಒಂದು ಲಗ್ನಪತ್ರಿಕೆಯ ಬೆನ್ನ ಮೇಲೆ ಬರೆದು ನನಗೆ ಕೊಟ್ಟರು. ನಾನು ಗಟ್ಟಿಯಾಗಿ ಓದಿದೆ: "ಪ್ಲಗ್ ಕಿತ್ತರೆ ದನಿ ಬರುತ್ತೆ. ಆದರೆ ಹಾಡು ಹೋಗುತ್ತೆ. ಬಿಟ್ಟಿ ಪ್ಲಗಿನ್ ಅರ್ಧ ಕೆಲಸ ಉಳಿಸಿಕೊಳ್ಳಲ್ಲ. ಅದು ನಿಧಾನ, ಗೌಜು ತೆಗೆದು ಹಾಡು ತಯಾರಾಗೋದು ನಾಲ್ಕೂಮುಕ್ಕಾಲಿಗೆ."

"ಹಾಗಾದ್ರೆ ನಾಲ್ಕೂಮುಕ್ಕಾಲಿನವರೆಗೆ ಸುಮ್ಮನಿರಿ" ಎಂದರು ಜಲಜಾಕ್ಷಮ್ಮ.

ಆಚಾರ್ರು ಬರೆದರು, ನಾನು ಓದಿದೆ: "ಆರೂವರೆ ಗಂಟೆ!"

"ನಿಮ್ಮ ಮಾತು ಆರೂವರೆ ಗಂಟೆ ನಿಂತ್ರೆ ಊರೇನೂ ಮುಳುಗಲ್ಲ. ನನ್ನ ಹಾಡು ಎರಡು ವರ್ಷದಿಂದ ನಿಂತಿದೆ."

"ಸ್ಟುಡಿಯೋಗೆ ಹೋಗಿದ್ರೆ ಮುಗೀತಿತ್ತು" ಎಂದು ಪ್ರಮೀಳಾ ಸೇರಿಸಿದಳು. ಅವಳಿಗೆ ಇಂಥಲ್ಲಿ ಸುಮ್ಮನಿರಲು ಆಗುವುದಿಲ್ಲ.

ಮಧ್ಯಾಹ್ನದ ಹೊತ್ತಿಗೆ ಆಚಾರ್ರು ಬೆವರುತ್ತಿದ್ದರು. ಒಳಗೆ ಪಾಠ ತುಂಬಿಕೊಂಡು ಹೊರಹಾಕಲಾಗದ ಮನುಷ್ಯನನ್ನು ನಾನು ಮೊದಲ ಸಲ ನೋಡಿದ್ದು. ಹೂವಿನವಳು ಬಂದು ಮೊಳವನ್ನು ಗಿಡ್ಡ ಅಳೆದಳು, ತಿದ್ದಲಾಗಲಿಲ್ಲ. ಗ್ಯಾಸಿನವನು ಸಿಲಿಂಡರನ್ನು ತಪ್ಪಾಗಿ ಉರುಳಿಸಿದ, ಹೇಳಲಾಗಲಿಲ್ಲ. ಮೂರು ಗಂಟೆಗೆ ನಾನು ಬೇಕೆಂದೇ, ಭೂಮಿ ಚಪ್ಪಟೆಯಾಗಿದೆ ಎಂದೆ. ಅವರ ಕುತ್ತಿಗೆಯ ನರಗಳೆಲ್ಲ ಉಬ್ಬಿದವು. ಎದ್ದುಹೋಗಿ ಪ್ಲಗ್ಗಿನ ಮೇಲೆ ಕೈಯಿಟ್ಟರು.

ತಮಾಷೆ ಅತಿಯಾಯಿತೆಂದು ನನಗೆ ಭಯವಾಯಿತು. ಜಲಜಾಕ್ಷಮ್ಮ ಅಡ್ಡ ಬರಲಿಲ್ಲ, ಕೂಗಲಿಲ್ಲ. ಬೆಳಗಿನಿಂದ ಬದಲಿಸದ ಅದೇ ರೇಷ್ಮೆ ಸೀರೆಯಲ್ಲಿ ಕುಳಿತು ಗಂಡನ ಕೈಯನ್ನೇ ನೋಡುತ್ತಿದ್ದರು. ಆಚಾರ್ರು ಹೆಂಡತಿಯ ಮುಖ ನೋಡಿದರು. ಕೈ ತೆಗೆದು, ಬಂದು ಅವರ ಪಕ್ಕದಲ್ಲಿ ಕುಳಿತರು. ಲಗ್ನಪತ್ರಿಕೆಯ ಮೂಲೆಯಲ್ಲಿ ಏನೋ ಗೀಚಿ ಕೊಟ್ಟರು. ಅದನ್ನು ಓದಲು ಜಲಜಾಕ್ಷಮ್ಮ ನನಗೆ ಕೊಡಲಿಲ್ಲ. ತಾವೇ ಓದಿ, ಮಡಿಸಿ, ಸೊಂಟಕ್ಕೆ ಸಿಕ್ಕಿಸಿಕೊಂಡರು.

ನಾಲ್ಕೂಮುಕ್ಕಾಲಿಗೆ ಹಾಡು ತಯಾರಾಗಿ ಬಾನುಲಿಗೆ ಹೋಯಿತು. ಡಬ್ಬದ ಪ್ಲಗ್ ಕಿತ್ತೊಡನೆ ಆಚಾರ್ರ ದನಿ ಬಂತು. ಆ ಬ್ಯಾಚಿನ ಕತೆಯನ್ನು ಬಿಟ್ಟಲ್ಲಿಂದ ಶುರು ಮಾಡಿ ಮುಗಿಸಿದರು.

ಹಾಡು ಆಯ್ಕೆಯಾಯಿತು. ಮುಂದಿನ ಸೋಮವಾರ ಬೆಳಿಗ್ಗೆ ಎಂಟಕ್ಕೆ ಬಿತ್ತರವಾಯಿತು. ನಾನು ತಿಂಡಿ ತಿನ್ನುತ್ತ, ಚಟ್ನಿಗೆ ಹುಣಸೆಹಣ್ಣು ಎಷ್ಟಿರಬೇಕೆಂದು ಪ್ರಮೀಳಾಗೆ ವಿವರಿಸುತ್ತಿದ್ದೆ. ರೇಡಿಯೋದಲ್ಲಿ ಹಾಡು ಶುರುವಾದದ್ದೇ ತಡ, ನನ್ನ ದನಿ ಹೋಯಿತು. ನಾಲ್ಕು ನಿಮಿಷ, ಹಾಡು ಮುಗಿಯುವ ತನಕ.

ಆಚಾರ್ರ ದನಿಯನ್ನು ಅಳಿಸುವ ಗುಣ ಹಾಡಿನೊಳಕ್ಕೇ ಇಳಿದುಬಿಟ್ಟಿತ್ತು. ಆ ಪ್ಲಗಿನ್ನಿಗೆ ಒಬ್ಬರನ್ನೊಬ್ಬರಿಂದ ಬೇರೆ ಮಾಡುವ ಸೂಕ್ಷ್ಮವೂ ಇರಲಿಲ್ಲ. ಐವತ್ತು ದಾಟಿ ತಿದ್ದಿ ಹೇಳುವ ಗಂಡಸರ ದನಿಯೆಲ್ಲ ಅದಕ್ಕೆ ಒಂದೇ. ಆ ಬೆಳಿಗ್ಗೆ ಹಾಸನದಲ್ಲಿ ಎಷ್ಟು ಮನೆಗಳು ತಣ್ಣಗಾದವೋ ಲೆಕ್ಕವಿಲ್ಲ. ಒಂಬತ್ತು ಗಂಟೆಯೊಳಗೆ ಬಾನುಲಿಗೆ ಇನ್ನೂರಕ್ಕೂ ಹೆಚ್ಚು ಫೋನು ಬಂದವು. ಎಲ್ಲವೂ ಹೆಂಗಸರವು, ಎಲ್ಲರದ್ದೂ ಅದೇ ಹಾಡಿನ ಕೋರಿಕೆ. ಈಗ ದಿನಕ್ಕೆ ಆರು ಸಲ ಹಾಕುತ್ತಿದ್ದಾರೆ.

"ಅವರೆಲ್ಲ ಕೇಳ್ತಿರೋದು ನಿಮ್ಮ ಹಾಡನ್ನೋ, ಗಂಡಂದಿರ ಮೌನವನ್ನೋ?" ಎಂದು ನಾನು ಜಲಜಾಕ್ಷಮ್ಮನವರನ್ನು ಕೇಳಿದೆ. ಸ್ವಲ್ಪ ಹೊಟ್ಟೆಕಿಚ್ಚಿನಿಂದಲೇ ಕೇಳಿದೆ, ಸುಳ್ಳು ಹೇಳುವುದಿಲ್ಲ.

"ಏನಾದ್ರೂ ಕೇಳ್ಕೊಳ್ಳಲಿ ಮೇಷ್ಟ್ರೇ. ನಮ್ಮಮ್ಮನ ಹಾಡನ್ನ ಯಾರೂ ಮಧ್ಯೆ ಬಾಯಿ ಹಾಕದೆ ಪೂರ್ತಿ ಕೇಳ್ತಿದ್ದಾರಲ್ಲ. ಇವರೂ ಕೂಡ" ಎಂದರು ಅವರು.

ಆ ಹಾಡನ್ನು ಪ್ರಮೀಳಾ ತನ್ನ ಮೊಬೈಲಿಗೂ ಹಾಕಿಸಿಕೊಂಡಿದ್ದಾಳೆ. ಇದನ್ನೆಲ್ಲ ನಿಮಗೆ ಬಾಯಲ್ಲಿ ಹೇಳದೆ ಬರೆದು ತಿಳಿಸುತ್ತಿರುವುದು ಅದಕ್ಕೇ.