ನೋವು ಎರಡೇ, ನೀವು ಹೋಟೆಲಿಗೆ ಹೋಗಿ

“ನೋವು ಎರಡೇ. ನೀವು ಹೋಟೆಲಿಗೆ ಹೋಗಿ ಮಾರಾಯ್ರೆ.”

ನನ್ನ ಹೆಂಡತಿ ನನ್ನೊಡನೆ ಕೊನೆಗೆ ಆಡಿದ ಮಾತು. ಅಹಮದಾಬಾದಿನ ಕ್ಯಾನ್ಸರ್ ವಾರ್ಡಿನಲ್ಲಿ. ನನಗೆ ಒಂದು ಕಡೆ ಕೂತು ಗೊತ್ತಿಲ್ಲ. ಅಂಥವನು ಆಸ್ಪತ್ರೆಗೆ ಹೋದರೆ ಏನಾದರೂ ಒಂದು ಆಗುತ್ತಲೇ ಇರುತ್ತದೆ.

ಎರಡು

ಗುಜರಾತಿ ಸಿಸ್ಟರ್ ಇವಳನ್ನು ‘ಬೆನ್’, ಅಂದರೆ ಅಕ್ಕ, ಎಂದು ಕರೆದು ದಿನವೂ ಕೇಳುವರು: “ಬೆನ್, ನೋವಿಲ್ಲದಿದ್ದರೆ ಸೊನ್ನೆ, ತಡೆಯಲಾಗದಿದ್ದರೆ ಹತ್ತು. ಈಗ ಎಷ್ಟು?”

ಇವಳು ನನ್ನ ಮುಖ ನೋಡಿ “ಎರಡು” ಎನ್ನುವಳು. ಅದೂ ಹಲ್ಲು ಕಚ್ಚಿಕೊಂಡು. ಸಿಸ್ಟರಿಗೆ ಸಂಶಯ ಬಂತು. “ಕಾಕಾ, ಸ್ವಲ್ಪ ಹೊರಗೆ ನಿಲ್ಲಿ” ಎಂದರು. ನಿಂತೆ. ಒಳಗಿನಿಂದ ಕೇಳಿಸಿತು: “ಎಂಟು.”

ಅಂದೇ ಡಾಕ್ಟರಿಗೆ ಹೇಳಿ ಮದ್ದು ಹೆಚ್ಚಿಸಿದರು. ಸುಳ್ಳು ಯಾಕೆ ಹೇಳಿದೆ ಎಂದು ಇವಳನ್ನು ಕೇಳಿದೆ.

“ನಿಜ ಹೇಳಿದರೆ ನೀವು ಹೋಟೆಲು ಮುಚ್ಚಿ ಇಲ್ಲೇ ಕೂರುತ್ತೀರಿ. ಆಗ ಎಂಟು ಒಂಬತ್ತಾಗುತ್ತದೆ.”

ಒಗ್ಗರಣೆ

ಆಮೇಲೆ ವಾಂತಿ. ಮಾತ್ರೆಗೂ ನಿಲ್ಲಲಿಲ್ಲ. ಸಿಸ್ಟರ್ ಕಾದು ನೋಡಿದರು. ಊಟ ಬಂದಾಗ ಅಲ್ಲ, ನಾನು ಬಂದಾಗ ಶುರುವಾಗುತ್ತಿತ್ತು. ಮಣಿನಗರದ ನಮ್ಮ ಹೋಟೆಲಿನ ದೋಸೆ ಕಾವಲಿ ಬಿಟ್ಟು ನೇರ ಬರುವವನು ನಾನು.

“ಕಾಕಾ, ಒಗ್ಗರಣೆ ನಿಮ್ಮ ಅಂಗಿಯಲ್ಲಿದೆ. ಸ್ನಾನ ಮಾಡಿ ಬನ್ನಿ.”

ಮಿಂದು, ಒಗೆದ ಅಂಗಿ ಹಾಕಿ, ಮೇಲೆ ಸೆಂಟೂ ಪೂಸಿಕೊಂಡು ಹೋದೆ. ಇವಳು ಎರಡು ಸಲ ವಾಂತಿ ಮಾಡಿದಳು.

ಸಿಸ್ಟರ್ ಮೂಗು ಮುಚ್ಚಿಕೊಂಡರು. “ಸೋಪು ಸಾಕಿತ್ತು. ಮದುಮಗನಾಗಿ ಬನ್ನಿ ಅಂತ ಯಾರು ಹೇಳಿದ್ದು?”

ಫ್ಯಾನು

ಕಡೆಕಡೆಗೆ ಉಸಿರು ಸಿಕ್ಕದಾಯಿತು. “ಮುಖಕ್ಕೆ ಗಾಳಿ ತಾಗಿದರೆ ಹಾಯೆನಿಸುತ್ತದೆ, ಫ್ಯಾನು ತನ್ನಿ” ಎಂದರು ಸಿಸ್ಟರ್. ಹೋಟೆಲಿನ ಸ್ಟ್ಯಾಂಡ್ ಫ್ಯಾನನ್ನೇ ರಿಕ್ಷಾದಲ್ಲಿ ತಂದೆ. ಹಾಕಿದೆ. ಪಕ್ಕದ ಮಂಚದ ಅಜ್ಜಿಯ ಹಪ್ಪಳದಂಥ ಖಾಖ್ರಾ ತಟ್ಟೆಯಿಂದ ಹಾರಿತು.

ಸಿಸ್ಟರ್ ಜೇಬಿನಿಂದ ಅಂಗೈಯಷ್ಟು ಫ್ಯಾನು ತೆಗೆದು ಇವಳ ಕೆನ್ನೆಗೆ ಹಿಡಿದರು. ಸ್ವಲ್ಪ ಹೊತ್ತಿಗೆ ಇವಳಿಗೆ ಮಾತು ಬಂತು.

“ನಾನು ಉಸಿರು ಕೇಳಿದೆ. ಇವರು ಬಿರುಗಾಳಿ ತಂದರು.”

ಮರುದಿನ

ಕೊನೆಯ ದಿನ ಬೆಳಿಗ್ಗೆ ನೋವು ಎರಡೇ ಎಂದಳಲ್ಲ, ಹೋಟೆಲಿಗೆ ಹೋದೆ. ಮಧ್ಯಾಹ್ನ ನಿದ್ದೆಯಲ್ಲೇ ಹೋಗಿಬಿಟ್ಟಳು. ಸಂಜೆಗೆ ದಹನವೂ ಮುಗಿಯಿತು.

ಸೂತಕ. ಹೋಟೆಲಿನ ಒಲೆ ಹಚ್ಚುವಂತಿಲ್ಲ. ಮನೆಯಲ್ಲಿ ಕೂರಲಾಗಲಿಲ್ಲ. ಮರುದಿನ ಬೆಳಿಗ್ಗೆ, ಇವಳ ಸಾಮಾನಿನ ಜತೆ ಮನೆಗೆ ಬಂದಿದ್ದ ಸಿಸ್ಟರ ಆ ಸಣ್ಣ ಫ್ಯಾನು ಹಿಂದೆ ಕೊಡಲು ವಾರ್ಡಿಗೆ ಹೋದೆ.

“ಸಿಸ್ಟರ್, ನಿನ್ನೆಯ ಎರಡು ನಿಜವಾ?”

“ನೀವು ಹೋದ ಮೇಲೆ ಮತ್ತೆ ಕೇಳಿದೆ ಕಾಕಾ. ಆಗಲೂ ಎರಡೇ ಎಂದರು.”

ಎದೆ ಸ್ವಲ್ಪ ಹಗುರಾಯಿತು. ಹೊರಟೆ.

“ಕಾಕಾ, ನಿಮಗೆಷ್ಟು?”

“ಎರಡು.”

ಸಿಸ್ಟರ್ ಆಚೀಚೆ ನೋಡಿದರು. “ಈಗ ಯಾರನ್ನು ಹೊರಗೆ ಕಳಿಸಲಿ?”

ನಾನೇ ಹೊರಗೆ ಬಂದೆ.